ಸೋನವ್ವ ಮರೆಯಲಿಲ್ಲ

ಹೊಲದ ಗಡಿಯ ಬಾಂದಿನ ಜಗಳದಲ್ಲಿ ಹೊರ್ತಿಯ ಸೋನವ್ವನ ಗಂಡನನ್ನು ಏಳು ಜನ ಅವಳ ಕಣ್ಣೆದುರೇ ಬಡಿದು ಕೊಂದರು. ಅವಳಿಗೆ ಓದುಬರಹ ಬಾರದು. ಒಬ್ಬನನ್ನೂ ಮರೆಯಬಾರದೆಂದು ಅವರನ್ನು ಮನಸ್ಸಿನಲ್ಲೇ ತನ್ನ ಮನೆಯೊಳಗೆ ಸಾಲಾಗಿ ನಿಲ್ಲಿಸಿಕೊಂಡಳು: ಕೊಡಲಿ ಹಿಡಿದವನು ಹೊಸ್ತಿಲಲ್ಲಿ, ಬಡಿಗೆಯವನು ಬೀಸುಕಲ್ಲಿನ ಹತ್ತಿರ, ಕೊನೆಗೆ ನಿಂತು ನಕ್ಕವನು ಒಲೆಯ ಮುಂದೆ. ಎರಡು ವರ್ಷ, ಕಸ ಗುಡಿಸುವಾಗೆಲ್ಲ ಒಬ್ಬೊಬ್ಬರ ಹೆಸರು ಹಿಡಿದು ಶಪಿಸಿದಳು.

ಬಿಜಾಪುರದ ಕೋರ್ಟಿನಲ್ಲಿ ಅವಳು ಏಳೂ ಹೆಸರನ್ನು ಸಾಲಾಗಿ ಹೇಳಿದಾಗ ಎದುರು ಪಕ್ಷದ ವಕೀಲ ನಕ್ಕ. "ಯಾರೋ ಬಾಯಿಪಾಠ ಮಾಡಿಸ್ಯಾರ. ಹಿಂದಿನಿಂದ ಹೇಳ್ ನೋಡೂಣು!"

ಸೋನವ್ವ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಒಲೆಯಿಂದ ಹೊಸ್ತಿಲಿಗೆ ನಡೆದಳು. ಏಳು ಹೆಸರಲ್ಲಿ ಒಂದೂ ತಪ್ಪಲಿಲ್ಲ.

"ಇನ್ನೊಮ್ಮಿ ಹೇಳ್ಲೇನ್ರಿ, ಸಾಹೇಬ್ರ?"

ವಕೀಲ ಕುಳಿತುಬಿಟ್ಟ. ಏಳೂ ಜನರಿಗೆ ಜೀವಾವಧಿ ಶಿಕ್ಷೆಯಾಯಿತು. ಬೇಡಿ ಹಾಕಿಕೊಂಡು ಅವರು ಗಾಡಿ ಹತ್ತುವುದನ್ನು ಅವಳು ಬಿಸಿಲಲ್ಲಿ ನಿಂತು ಕಣ್ತುಂಬ ನೋಡಿದಳು.