ಬಾಗಿಲ ಹಿಂದಿನ ಸ್ಟೂಲು

ಅಳಿಯ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದರೂ ಸುದ್ದಿಮಾವ ನಂಬುತ್ತಿರಲಿಲ್ಲ. ಸಿನಿಮಾದಿಂದ ತಮ್ಮ ಮಾತನ್ನು ತೆಗೆದುಹಾಕುತ್ತಾರೆ ಎಂಬುದು ಅವರಿಗೆ ಖಾತ್ರಿಯಾಗಿತ್ತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆಯುತ್ತಾರೆ, ಯಾವಾಗ ಎನ್ನುವುದೊಂದೇ ಪ್ರಶ್ನೆ.

ನಾಟಕ ಬಹಳ ಹಳೆಯದು. ರಾಜಿ ಮಾಡಿಕೊಳ್ಳೋಣ ಬಾ ಎಂದು ರಾಜ ತಮ್ಮನನ್ನು ಅರಮನೆಗೆ ಕರೆಸಿ ಇರಿದು ಕೊಲ್ಲುತ್ತಾನೆ, ಅಡ್ಡ ಬಂದ ತಂಗಿಯನ್ನೂ ಬಿಡುವುದಿಲ್ಲ. ರಂಗದ ಮೇಲೆ ಇದ್ಯಾವುದೂ ಕಾಣುವುದಿಲ್ಲ. ಪರದೆಯ ಹಿಂದೆ ಕೂಗು ಕೇಳುತ್ತದೆ, ಆಮೇಲೆ ಬಾಗಿಲು ಕಾಯುವ ಮುದುಕ ಓಡಿ ಬಂದು ಕಂಡದ್ದನ್ನೆಲ್ಲ ಹೇಳುತ್ತಾನೆ. ಆ ಮುದುಕನೇ ನಮ್ಮ ಸುದ್ದಿಮಾವ. ಮೀಸೆ ಕಪ್ಪಗಿದ್ದ ಕಾಲದಿಂದ ಅದೊಂದೇ ಪಾತ್ರ, ಅದೊಂದೇ ಉದ್ದನೆಯ ಮಾತು. ಜನ ಮೂಗು ಒರೆಸಿಕೊಳ್ಳುತ್ತಾ ಮನೆಗೆ ಹೋಗುತ್ತಿದ್ದರು. ನಿಜ ಹೇಳಬೇಕೆಂದರೆ ಮಾವ ಕಂಡದ್ದು ಏನೂ ಇಲ್ಲ. ಪರದೆಯ ಹಿಂದೆ ಸತ್ತ ತಮ್ಮ ಟೀ ಲೋಟ ಹಿಡಿದುಕೊಂಡೇ ಪ್ರಾಣ ಹೋಗುವ ಕೂಗು ಹಾಕುತ್ತಿದ್ದ, ತಂಗಿ ತಲೆ ಬಾಚಿಕೊಳ್ಳುತ್ತಿದ್ದಳು.

ಈಗ ಅದನ್ನು ಅಳಿಯ ಸಿನಿಮಾ ಮಾಡುತ್ತಿದ್ದಾನೆ. ತಂಗಿಯ ಪಾತ್ರ ಮಾವನ ಒಬ್ಬಳೇ ಮಗಳದು. ಕೊಲೆ ಕ್ಯಾಮೆರಾದ ಕಣ್ಣೆದುರೇ ಆಗಬೇಕಂತೆ.

"ಎಲ್ಲಾ ತೋರಿಸಿಬಿಟ್ರೆ ನಾನು ಹೇಳೋಕೆ ಏನು ಉಳಿಯುತ್ತಪ್ಪಾ?"

"ನಿಮ್ಮ ಮಾತು ಇದ್ದೇ ಇದೆ ಮಾವ."

"ಪೂರ್ತಿ?"

"ಟೀ ಆರಿಹೋಗುತ್ತೆ, ತಗೊಳ್ಳಿ ಮಾವ."

ಅತಿ ವಿನಯ ಧೂರ್ತ ಲಕ್ಷಣ ಎಂದು ಸುಮ್ಮನೆ ಹೇಳಿಲ್ಲ. ಮಾವ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದರು. ದರ್ಜಿ ಮಗಳಿಗೆ ಒಂದೇ ಥರದ ಬಿಳಿ ನಿಲುವಂಗಿಗಳನ್ನು ಸಾಲಾಗಿ ಹೊಲಿದು ನೇತುಹಾಕಿದ್ದ. ಒಂದು ಕೆಂಪಾದರೆ ಇನ್ನೊಂದಿರಲಿ ಎಂದು. ಬಾಗಿಲು ಕಾಯುವವನ ಅಂಗಿಗೆ ಅಳತೆಯನ್ನೂ ತೆಗೆದುಕೊಂಡಿರಲಿಲ್ಲ. ಮೇಕಪ್ಪಿನವನು ಬಕೆಟ್ಟಿನಲ್ಲಿ ರಕ್ತ ಕಲಸುತ್ತಿದ್ದ. ಮಾವ ಬೆರಳದ್ದಿ ನಾಲಗೆಗೆ ಇಟ್ಟುಕೊಂಡರು. ಬರೀ ಸಕ್ಕರೆ ಪಾಕ. ಇದಕ್ಕೋಸ್ಕರ ನನ್ನ ಮಾತು ಬಲಿಯಾಗಬೇಕೇ ಎಂದುಕೊಂಡು ಬೆರಳನ್ನು ಪಂಚೆಗೆ ಒರೆಸಿಕೊಂಡರು.

ಕೊಲೆಯ ಹಿಂದಿನ ದಿನ ಅಳಿಯ ಹೇಳಿದ, "ನಾಳೆ ನೀವು ಬರಬೇಡಿ ಮಾವ. ಮನೇಲಿ ಆರಾಮಾಗಿರಿ."

ಇನ್ನೇನು ಬೇಕು ಸಾಕ್ಷಿ! ಮಾರನೆಯ ದಿನ ಮಾವ ಹಿಂದಿನ ಗೇಟಿನಿಂದ ನುಗ್ಗಿ, ಪ್ಲೈವುಡ್ಡಿನ ಅರಮನೆಯ ಬಾಗಿಲ ಹಿಂದೆ ಹೋದರು. ಅಲ್ಲೊಂದು ಸ್ಟೂಲಿತ್ತು. ಕುಳಿತು ಸಂದಿಗೆ ಕಣ್ಣಿಟ್ಟರು.

ರಾಜ ಕತ್ತಿ ಎತ್ತಿದ. ತಮ್ಮ ಬಿದ್ದ. ಮಗಳು ಓಡಿ ಬಂದಳು; ಓಡುವ ರಭಸಕ್ಕೆ ಒಂದು ಕಾಲಿನ ಚಪ್ಪಲಿ ಕಳಚಿ ಬಾಗಿಲ ಬಳಿಯೇ ಉಳಿಯಿತು. ಕತ್ತಿ ಇಳಿದಾಗ ಅವಳು ಕೂಗಲೇ ಇಲ್ಲ. ಅಂಗಿಯ ಮೇಲೆ ಹರಡುತ್ತಿದ್ದ ಕೆಂಪನ್ನು ಆಶ್ಚರ್ಯದಿಂದ ನೋಡಿ, ಬರಿಗಾಲನ್ನು ಮೆಲ್ಲಗೆ ಅಂಗಿಯೊಳಗೆ ಎಳೆದುಕೊಂಡು ಮಲಗಿಬಿಟ್ಟಳು. ಸಕ್ಕರೆ ಪಾಕ, ಸಕ್ಕರೆ ಪಾಕ ಎಂದು ಮಾವ ಮನಸ್ಸಿನಲ್ಲೇ ಹೇಳಿಕೊಂಡರು. ಆದರೂ ಮುಗಿಯುವ ಮೊದಲೇ ಎದ್ದು ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದರು.

ಮರುದಿನ ದರ್ಜಿ ನಾಟಕದ ಹಳೇ ಅಂಗಿಯನ್ನೇ ಒಗೆದು ಇಸ್ತ್ರಿ ಮಾಡಿ ತಂದ. "ಇದೇ ಬೇಕು ಅಂದ್ರು ನಿಮ್ಮ ಅಳಿಯ." ಅಂದರೆ ಮಾತು ಇತ್ತು! ಮಾವ ದೀಪದೆದುರು ನಿಂತರು. ಕ್ಯಾಮೆರಾ ಓಡಿತು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ ಮೊದಲ ಸಾಲು ಬಾಯಿಗೆ ಬರಲಿಲ್ಲ. ಬದಲಿಗೆ ಬೇರೊಂದು ಸಾಲು ಹೊರಬಿತ್ತು, ನಾಟಕದಲ್ಲಿ ಇಲ್ಲದ್ದು.

"ಮಗು ಒಂದು ಚಪ್ಪಲೀನ ಬಾಗಿಲ ಹತ್ರಾನೇ ಬಿಟ್ಟು ಹೋಯ್ತು."

ಅಷ್ಟೇ.

ಅಳಿಯ ಓಡಿ ಬಂದ. ಮಾವ ಅವನತ್ತ ಬೆರಳು ತೋರಿಸಿದರು. "ಆ ಸ್ಟೂಲು ಹಾಕಿದ್ದು ನೀನೇ ತಾನೆ? ನಾನು ನೋಡ್ಲಿ, ಮಾತು ತಾನಾಗೇ ಬಿದ್ದುಹೋಗ್ಲಿ ಅಂತ!"

"ಯಾವ ಸ್ಟೂಲು ಮಾವ?"

"ನಾನು ಹಾಕಿದ್ದಪ್ಪಾ," ಎಂದಳು ನೀರು ತಂದ ಮಗಳು. "ಬರಬೇಡಿ ಅಂದ್ರೆ ನೀವು ಬಂದೇ ಬರ್ತೀರ. ನಿಂತ್ರೆ ಮಂಡಿ ನೋಯುತ್ತೆ ಅಂತ. ಮಗಳು ಸಾಯೋದನ್ನ ನೋಡೋದು ಬೇಡ ಅಂತಲೇ ಇವ್ರು ಬರಬೇಡಿ ಅಂದಿದ್ದು."

"ಇನ್ನೊಂದು ಸಲ ತೆಗೆಯೋಣ ಮಾವ," ಎಂದ ಅಳಿಯ. "ಪೂರ್ತಿ ಮಾತು ಹೇಳಿ. ಒಂದಕ್ಷರಾನೂ ಕತ್ತರಿಸಲ್ಲ, ಮಾತು ಕೊಡ್ತೀನಿ."

ಸುದ್ದಿಮಾವ ಮೊದಲ ಸಲ ಅವನನ್ನು ನಂಬಿದರು. ಆಮೇಲೆ ಮಗಳ ಕಾಲು ನೋಡಿದರು. ಎರಡರಲ್ಲೂ ಚಪ್ಪಲಿ ಇತ್ತು. ಆದರೂ ಮತ್ತೊಮ್ಮೆ ನೋಡಿದರು.

"ಬೇಡಪ್ಪಾ," ಎಂದರು. "ನಾನು ಕಂಡಿದ್ದು ಅಷ್ಟೇ."