ಕಾಯಿಲೆ ಇಲ್ಲವೆಂದು ಬರೆದವರು

ಬೆಪ್ಪು ಎಂಬ ಬಿಸಿನೀರಿನ ಬುಗ್ಗೆಗಳ ಊರಿನ ಆ ಓಣಿಯಲ್ಲಿ ಯಾರ ಮನೆಯಲ್ಲೂ ಬಚ್ಚಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನೆಲದಡಿಯಿಂದ ಕುದಿದು ಬರುವ ನೀರಿಗೆ ಓಣಿಯವರೆಲ್ಲ ಸೇರಿ ಒಂದು ಸ್ನಾನದಮನೆ ಕಟ್ಟಿಕೊಂಡಿದ್ದರು. ಗೋಡೆಯ ಈಚೆ ಹೆಂಗಸರ ಕೊಳ, ಆಚೆ ಗಂಡಸರದು. ಗೋಡೆ ಸೂರು ಮುಟ್ಟದಿದ್ದುದರಿಂದ ಅರ್ಧ ಸಂಸಾರ ಅದರ ಮೇಲಿಂದಲೇ ನಡೆಯುತ್ತಿತ್ತು.

ಆ ಮಧ್ಯಾಹ್ನ ನೀರಿಗಿಳಿದಾಗ ಕಿಕುನೊಗೆ ಬಿಸಿಯೇ ತಾಗಲಿಲ್ಲ. ಹೊರಡುವ ಮುಂಚೆ ಗಂಡ ಇಸಾಕುವಿನ ಕೋಟು ಒಗೆಯಲು ತೆಗೆದಿದ್ದಳು. ಜೇಬಿನಿಂದ ರಕ್ತದೊತ್ತಡದ ಮಾತ್ರೆಯ ಎರಡು ಪಟ್ಟಿ ಬಿದ್ದವು. ಒಂದೂ ಒಡೆದಿರಲಿಲ್ಲ.

"ಏನ್ರೀ ಇದು?"

"ಅದ್ಯಾಕೆ ಇನ್ನು? ಸಭೇಲಿ ಓದಿ ಹೇಳಿದ್ದು ಕೇಳ್ಲಿಲ್ವಾ?" ಎಂದು ಅವನು ಚೊಂಬು, ಟವೆಲು ಹಿಡಿದು ಮುಂದೆ ನಡೆದುಬಿಟ್ಟಿದ್ದ.

ಕೇಳಿದ್ದಳು. ವೈದ್ಯಕೀಯ ಕಾಲೇಜಿನವರು ವಸಂತದಲ್ಲಿ ಮನೆಮನೆಗೆ ಆರೋಗ್ಯದ ಪ್ರಶ್ನೆಗಳ ಕಾಗದ ಹಂಚಿ, ಹೋದ ತಿಂಗಳು ಬಂದು ಫಲಿತಾಂಶ ಓದಿದ್ದರು: ದಿನಾ ಈ ನೀರಲ್ಲಿ ಮೀಯುವವರಲ್ಲಿ ಒತ್ತಡ, ಸಕ್ಕರೆಯಂಥ ಹಳೇ ಕಾಯಿಲೆಗಳು ಇಲ್ಲವೇ ಇಲ್ಲ ಎನ್ನಬಹುದು. ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತ್ತು. ಕಿಕುನೊ ಮಾತ್ರ ಬೇಯಿಸಿದ ಗೆಣಸಿನ ಸಿಪ್ಪೆ ಸುಲಿಯುತ್ತ ತಲೆ ತಗ್ಗಿಸಿದ್ದಳು. ಗಂಡನ ಕಾಗದ ತುಂಬಿದ್ದು ಅವಳೇ ಅಲ್ಲವೇ. 'ಬಹುಕಾಲದ ಕಾಯಿಲೆ ಇದೆಯೇ?' ಎಂಬಲ್ಲಿಗೆ ಬಂದಾಗ ಅವನು, "ಇಲ್ಲ ಅಂತ ಬರಿ. ನಲವತ್ತು ವರ್ಷ ಕಾಪಾಡಿದ ನೀರಿಗೆ ಅವಮಾನ ಮಾಡ್ಬೇಡ" ಅಂದಿದ್ದ. ಅವಳಿಗೂ ಸರಿಯೆನಿಸಿತ್ತು. ಬರೆದಿದ್ದಳು. ಈಗ ಅದೇ ಸುಳ್ಳು ಮೊಹರು ಒತ್ತಿಸಿಕೊಂಡು ಮನೆಗೆ ವಾಪಸು ಬಂದಿತ್ತು, ಹೇಳಿದವನೇ ಅದನ್ನು ನಂಬಿ ಕೂತಿದ್ದ.

"ಏನ್ ಕಿಕುನೊ ಅಕ್ಕ, ಮುಖ ಬೆಂದ ಮೂಲಂಗಿ ಥರ ಆಗಿದೆ?" ಪಕ್ಕದಮನೆಯ ತಾಯೊ ಕೇಳಿದಳು. "ಅಣ್ಣನ ಜೊತೆ ಜಗಳಾನಾ?"

ಅವಳು ಉತ್ತರಿಸುವ ಮುಂಚೆಯೇ ಗೋಡೆಯಾಚೆಯಿಂದ ಅಂಚೆಯ ಗೊರೊನ ದನಿ ಬಂತು. "ಇಸಾಕು ಅಣ್ಣಾ, ಸುಡ್ತಿದೆ ಮಾರಾಯ. ಒಂಚೂರು ತಣ್ಣೀರು ಬಿಡ್ಲಾ?" ಕೊಳದಲ್ಲಿ ಕೂತವರೆಲ್ಲ ಒಪ್ಪದೆ ಯಾರೂ ಆ ನಲ್ಲಿ ಮುಟ್ಟುವಂತಿರಲಿಲ್ಲ.

"ಬಿಟ್ಕೋ, ನಿಮ್ಮನೆ ಬಕೆಟ್ಟಲ್ಲಿ!" ಗಂಡಸರೆಲ್ಲ ನಕ್ಕರು. "ನಾನು ಮಾತ್ರೆ ಬಿಟ್ಟು ತಿಂಗಳಾಯ್ತು ಕಣೋ. ಸೊಂಟದವರೆಗೆ ಅಲ್ಲ, ಕುತ್ತಿಗೆವರೆಗೆ ಮುಳುಗು. ಅದೇ ಔಷಧಿ."

ಕಿಕುನೊ ಎದ್ದು ನಿಂತಳು.

"ರೀ, ಹೊರಗೆ ಬನ್ನಿ! ಆ ಕಾಗದ ಸುಳ್ಳು. ನಿಮಗೆ ಒತ್ತಡ ಇಲ್ಲ ಅಂತ ಬರೆದಿದ್ದು ನಾನೇ. ಹನ್ನೊಂದು ವರ್ಷದಿಂದ ಮಾತ್ರೆ ನುಂಗ್ತಿದೀರಿ, ನಿಮಗೇ ಗೊತ್ತಲ್ವಾ!"

ಆಚೆ ನಗು ನಿಂತಿತು.

ಈಚೆ ತಾಯೊ ಮೊಣಕಾಲು ಅಪ್ಪಿಕೊಂಡು ಮೆಲ್ಲಗೆ, "ನಾನೂ ಸಕ್ಕರೆ ಇಲ್ಲ ಅಂತಾನೇ ಬರೆದೆ ಅಕ್ಕ" ಅಂದಳು. "ಬೆಳಿಗ್ಗೆ ಸೂಜಿ ಚುಚ್ಕೊಂಡು, ಅದೇ ಕೈಯಲ್ಲಿ."

ಮೂಲೆಯಲ್ಲಿದ್ದ ಮುದುಕಿ ಮಿನೆ ಎದೆಯ ಮೇಲಿನ ಆಪರೇಷನ್ನಿನ ಗೆರೆಗೆ ಟವೆಲು ಎಳೆದುಕೊಂಡಳು. ದಿನಾ ಒಬ್ಬರ ಬೆನ್ನು ಒಬ್ಬರು ತಿಕ್ಕುವ ಹೆಂಗಸರಿಗೆ ಅಲ್ಲಿ ಯಾರ ಮೈಯಲ್ಲಿ ಏನಿದೆಯೆಂದು ತಿಳಿಯದ್ದೇನಲ್ಲ. ಕಾಗದದಲ್ಲಿ ಮಾತ್ರ ಓಣಿಯಿಡೀ ಗಟ್ಟಿಮುಟ್ಟಾಗಿತ್ತು.

"ರೀ, ಕೇಳಿಸ್ತಾ? ಏನಾದ್ರೂ ಹೇಳಿ!"

ಅವನ ಬದಲು ಗೊರೊ ಅನುಮಾನದಲ್ಲಿ ಎಳೆದೆಳೆದು ಅಂದ: "ಅಕ್ಕಾ... ಅಣ್ಣ ನಗ್ತಿದಾನೆ. ಆದ್ರೆ ಅದ್ಯಾಕೋ ಅರ್ಧ ಮುಖದಲ್ಲಿ ಮಾತ್ರ."

ಕಿಕುನೊ ಟವೆಲು ಸುತ್ತಿಕೊಂಡಳೋ ಇಲ್ಲವೋ, ಆಚೆ ಬಾಗಿಲು ನೂಕಿದ್ದಳು. ಗಂಡಸರು ಅಯ್ಯೋ ಎಂದು ಗೋಡೆಗೆ ತಿರುಗಿದರು. ಹಬೆಯ ನಡುವೆ ಇಸಾಕು ಬಲಗೈಯಿಂದ ಕೊಳದ ಅಂಚು ಹಿಡಿಯಲು ನೋಡುತ್ತಿದ್ದ. ಕೈ ಜಾರುತ್ತಿತ್ತು. ಇನ್ಯಾರದೋ ಕೈಯೆಂಬಂತೆ ಅದನ್ನೇ ದಿಟ್ಟಿಸುತ್ತಿದ್ದ.

"ಗೊರೊ, ಆ್ಯಂಬುಲೆನ್ಸಿಗೆ ಫೋನ್ ಮಾಡು! ಓಡು!" ಎನ್ನುತ್ತ ಅವಳು ನೀರಿಗಿಳಿದು ಅವನ ಕಂಕುಳಿಗೆ ಹೆಗಲು ಕೊಟ್ಟಳು. ಮೈಯೆಲ್ಲ ಉರಿಯಿತು. ಆಚೆಯ ನೀರು ಇಷ್ಟು ಸುಡುತ್ತದೆಂದು ನಲವತ್ತು ವರ್ಷದಲ್ಲಿ ಅವಳಿಗೆ ಗೊತ್ತೇ ಆಗಿರಲಿಲ್ಲ.