ಹೆಬ್ಬೆರಳಿನ ತಗ್ಗು

ಮೇಜಿನ ಆ ತುದಿಯಿಂದ ಬರುತ್ತಿದೆ, ಕುರ್ಚಿ ಹಿಂದಕ್ಕೆ ಸರಿಯುವ ಕಿರ್ರ್ ಸದ್ದು, ಒಬ್ಬರು ಏಳುತ್ತಾರೆ, ಹೆಸರು, ಕೆಲಸ, ಹವ್ಯಾಸ, ಕೂರುತ್ತಾರೆ, ಮತ್ತೆ ಕಿರ್ರ್ — ಊರಿನ ಲಿಫ್ಟುಗಳನ್ನೆಲ್ಲ ಸದ್ದಿಲ್ಲದೆ ಓಡಿಸುವ ಕಂಪನಿ ನಮ್ಮದು, ಕುರ್ಚಿಯ ಕಾಲಿಗೆ ರಬ್ಬರು ಹಾಕಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ — ಹೊಸ ಸಾಹೇಬರು ಎಲ್ಲರಿಗೂ ತಲೆಯಾಡಿಸುತ್ತಿದ್ದಾರೆ, ಒಳ್ಳೆಯವರಂತೆ ಕಾಣುತ್ತಾರೆ, ಹಳೆಯ ಸಾಹೇಬರೂ ಮೊದಲ ದಿನ ಹಾಗೆಯೇ ಕಂಡಿದ್ದರು. ಸುಮ್ನೆ ಪರಿಚಯ ಅಷ್ಟೆ, ಭಯ ಬೇಡ ಅಂದರು, ಆದರೆ ಬ್ರೇಕ್ ಪರೀಕ್ಷೆಯ ತಂಡಕ್ಕೆ ಮುಖ್ಯಸ್ಥರನ್ನು ಈ ವಾರವೇ ಆರಿಸುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತು, ಆ ಜಾಗ ನನಗೆ ಬೇಕು, ತುಂಬ ಬೇಕು, ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ಲೆಕ್ಕದ ವಿಭಾಗದವನು ಎದ್ದು ನನ್ನ ಹವ್ಯಾಸ ನಿದ್ದೆ ಸಾರ್ ಅಂದ, ಎಲ್ಲರೂ ನಕ್ಕರು, ನಿದ್ದೆಗೆ ಯಾರ ತಕರಾರೂ ಇಲ್ಲ. ಹಳೆಯ ಸಾಹೇಬರ ಮುಂದೆ ಇದೇ ಕೋಣೆಯಲ್ಲಿ ನಾನು ಮಡಕೆ ಮಾಡ್ತೀನಿ ಸಾರ್ ಅಂದಿದ್ದೆ, ಎಷ್ಟು ಖುಷಿಯಿಂದ ಅಂದಿದ್ದೆ, ಆಮೇಲೆ ಯಾವ ಲಿಫ್ಟ್ ಕೆಟ್ಟರೂ ಅದೇ ಮಾತು, ಮಣ್ಣಾಡೋರ ಕೈಗೆ ಬ್ರೇಕ್ ಕೊಟ್ರೆ ಇನ್ನೇನಾಗುತ್ತೆ ಹೇಳಿ. ನಾನು ಮುಟ್ಟಿರದ ಲಿಫ್ಟಿಗೂ ಅದೇ.

ಮಡಕೆ ತಿರುಗಿಸುವ ತಿಗರಿ ಕಲಿಸುವ ಅಕ್ಕನ ಹತ್ತಿರವೂ ನನ್ನ ಪಾಡು ಅಷ್ಟೇ, ಏನೇ ಇಂಜಿನಿಯರಮ್ಮ, ಹಸಿ ಮಣ್ಣಿಗೆ ಅಳತೆ ಹಿಡಿದು ಕೂತಿದ್ದೀಯಲ್ಲ, ಅದು ಬೆದರುತ್ತೆ ಕಣೇ — ಅಲ್ಲಿ ಲಿಫ್ಟಿನವಳು, ಇಲ್ಲಿ ಮಡಕೆಯವಳು, ಎಲ್ಲಿಗೆ ಹೋದರೂ ಇನ್ನೊಂದು ಕಡೆಯವಳು. ಆದರೆ ಅಳೆಯದೆ ಹೇಗಿರಲಿ, ಅಮ್ಮನ ಕೈ ನಡುಗಲು ಶುರುವಾಗಿತ್ತು, ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಿದ್ದ ಕೈ, ಕಾಫಿ ಕೊಡುವಾಗೆಲ್ಲ ಅರ್ಧ ಲೋಟ ಹಾಕು ಸಾಕು ಅನ್ನುತ್ತಿದ್ದಳು, ಬೇಡವೆಂದಲ್ಲ, ಚೆಲ್ಲುತ್ತದೆಂದು, ಚೆಲ್ಲಿದ್ದನ್ನು ನಾನು ನೋಡಬಾರದೆಂದು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ಅದಕ್ಕೇ ಮಣ್ಣಿನ ಲೋಟ ಮಾಡತೊಡಗಿದೆ, ತಳಕ್ಕೆ ಭಾರ, ಬಾಯಿಗೆ ಹಗುರ, ಒಂದಕ್ಕೆ ಎರಡು ಹಿಡಿ, ಎಲ್ಲ ಲೆಕ್ಕ ಹಾಕಿ, ಒಂದಾದ ಮೇಲೊಂದು, ಪ್ರತಿಯೊಂದನ್ನೂ ಅಮ್ಮ ಎತ್ತಿ ನೋಡಿ ಕೆಳಗಿಟ್ಟಳು, ಎರಡು ಹಿಡಿ ಯಾಕೆ, ನಾನೇನು ತೊಟ್ಟಿಲ ಕೂಸಾ.

ಕಿರ್ರ್. ಈಗ ಉಗ್ರಾಣದವರು, ಹವ್ಯಾಸ ಹಳೇ ಹಾಡು ಕೇಳೋದು, ಇನ್ನು ಮೂರೇ ಕುರ್ಚಿ. ಲಿಫ್ಟ್ ನೋಡಿಕೊಳ್ಳುತ್ತೇನೆ, ಹವ್ಯಾಸ ಏನೂ ಇಲ್ಲ, ಅಷ್ಟು ಹೇಳಿ ಕೂತುಬಿಟ್ಟರಾಯಿತು, ಜಾಗ ಸಿಗುತ್ತದೆ, ಸಿಗಬಹುದು — ಕಿರ್ರ್, ಬೆಚ್ಚಿದೆ, ಕೊನೆಯ ಲೋಟ ಮಾಡುತ್ತಿದ್ದ ದಿನ ಫೋನೂ ಹೀಗೇ ಬೆಚ್ಚಿಸಿತ್ತು, ಲೋಟ ಇನ್ನೂ ತಿಗರಿಯ ಮೇಲೆ ತಿರುಗುತ್ತಿತ್ತು, ಆಸ್ಪತ್ರೆ ಲಿಫ್ಟ್ ಮಧ್ಯದಲ್ಲಿ ನಿಂತಿದೆ, ಒಳಗೆ ಪೇಷೆಂಟ್ ಇದ್ದಾರೆ, ಬೇಗ ಬನ್ನಿ, ಬೆಚ್ಚಿದ ಹೆಬ್ಬೆರಳು ಹಸಿ ಮಣ್ಣಿನೊಳಕ್ಕೆ ಇಳಿದುಹೋಯಿತು, ಲೋಟದ ಮೈಯಲ್ಲಿ ಆಳವಾದ ಒಂದು ತಗ್ಗು, ಹಿಡಿ ಅಂಟಿಸಿರಲಿಲ್ಲ, ಅಕ್ಕ ಅದನ್ನ ಎಸೆದುಬಿಡಿ ಅಂತ ಕೂಗಿ ಓಡಿದೆ, ಕೈ ತೊಳೆಯಲೂ ಇಲ್ಲ. ಆಸ್ಪತ್ರೆಯ ನೆತ್ತಿಯ ಯಂತ್ರದ ಕೋಣೆಯಲ್ಲಿ ನಿಂತು ಬ್ರೇಕನ್ನು ಕೈಯಲ್ಲೇ ಸಡಿಲಿಸಿ ಸಡಿಲಿಸಿ ಲಿಫ್ಟನ್ನು ಕೆಳಗಿನ ಮಹಡಿಗೆ ಇಳಿಸಿದೆ, ಇಷ್ಟಿಷ್ಟೇ, ಹಸಿ ಮಣ್ಣನ್ನು ಒತ್ತುವಷ್ಟೇ ಮೆತ್ತಗೆ, ಕೆಳಗೆ ಬಾಗಿಲು ತೆರೆದದ್ದು, ಯಾರೋ ಅತ್ತದ್ದು ಕೇಳಿಸಿತು, ಬ್ರೇಕಿನ ಹಿಡಿಯ ಮೇಲೆ ನನ್ನ ಮಣ್ಣಿನ ಬೆರಳುಗಳು ಮೂಡಿದ್ದವು, ಹಳೆಯ ಸಾಹೇಬರ ಕಣ್ಣಿಗೆ ಬೀಳಬಾರದೆಂದು ಉಜ್ಜಿ ಒರೆಸಿದೆ. ಯಾಕೆ ಒರೆಸಿದೆ, ಕದ್ದ ಮಾಲಿನ ಹಾಗೆ.

ಅಕ್ಕ ಎಸೆದಿರಲಿಲ್ಲ. ಉಳಿದ ಲೋಟಗಳ ಜೊತೆಗೆ ಅದನ್ನೂ ಸುಟ್ಟು ಡಬ್ಬದಲ್ಲಿಟ್ಟು ಕಳಿಸಿದ್ದರು, ಇವತ್ತು ಬೆಳಿಗ್ಗೆ ಅಮ್ಮ ತಾನೇ ಡಬ್ಬ ಬಿಚ್ಚಿದ್ದಾಳೆ, ನಾನು ಕಾಫಿ ಕಾಯಿಸಿ ತರುವಷ್ಟರಲ್ಲಿ ಆ ಸೊಟ್ಟ ಲೋಟ ಅವಳ ಕೈಯಲ್ಲಿದೆ, ಅರ್ಧ ಹಾಕಿದೆ, ನಿಲ್ಲಿಸಿದೆ, ಯಾಕೆ ನಿಲ್ಲಿಸ್ದೆ, ಪೂರ್ತಿ ಹಾಕೇ ಅಂದಳು. ಪೂರ್ತಿ. ಎತ್ತಿದಳು, ಕುಡಿದಳು, ಒಂದು ತೊಟ್ಟೂ ಕೆಳಗೆ ಬೀಳಲಿಲ್ಲ, ಇದು ನಿಂದಲ್ಲ ಬಿಡು, ನಿನ್ನವೆಲ್ಲ ಲಿಫ್ಟಿನ ಸಾಮಾನಿನ ಥರ ಇರ್ತವೆ, ಯಾರೇ ಮಾಡಿದ್ದು ಇದನ್ನ, ಅಂದಳು. ಯಾರು ಅಂತ ಹೇಳಲಿ, ತಿಗರಿಯ ಮುಂದೆ ಕೂತವಳೋ, ಎದ್ದು ಓಡಿದವಳೋ, ಹೊತ್ತಾಯ್ತಮ್ಮ ಅಂತ ಚೀಲ ಹೆಗಲಿಗೆ ಹಾಕಿ ಬಂದುಬಿಟ್ಟೆ, ಬಾಗಿಲ ತನಕ ಅವಳ ದನಿ ಬಂತು, ಕೇಳ್ತಿದ್ದೀನಲ್ಲೇ, ಯಾರು —

ಕಿರ್ರ್, ಇದು ನನ್ನದೇ ಕುರ್ಚಿ, ನಿಂತಿದ್ದೇನೆ, ಸಾಹೇಬರು ತಲೆಯಾಡಿಸಿದರು, ಹೇಳಿಮ್ಮಾ, ಯಾರು ನೀವು, ನಾನು ಅಂದೆ, ನಾನು ಸಾರ್, ಲಿಫ್ಟಿನ ಬ್ರೇಕ್ ನೋಡ್ಕೋತೀನಿ, ಮತ್ತೆ ಅಂದೆ, ಮತ್ತೆ ಏನು ಅಂದರು ಅವರು, ಎಲ್ಲರ ಮುಖ ನನ್ನ ಕಡೆ, ಮತ್ತೆ ನಾನು ಮಡಕೆ ಮಾಡ್ತೀನಿ ಸಾರ್ — ಬೆಳಗಿನ ಆ ಪೂರ್ತಿ ತುಂಬಿದ ಲೋಟ, ಅಮ್ಮನ ಹೆಬ್ಬೆರಳು, ನನ್ನ ಹೆಬ್ಬೆರಳಿನ ತಗ್ಗಿನಲ್ಲಿ, ನಡುಗದೆ.